ಮನೆಯಲ್ಲಿ ಎಷ್ಟು ಒಲೆ?

ಹೆಣ್ಣುಮಕ್ಕಳಾದ ನಮಗೆ ಒಲೆಯ ವಿಷಯ ಹೊಸದೇನೂ ಅಲ್ಲ. ಸೌದೆ ಒಲೆ, ಇದ್ದಿಲ ಒಲೆ, ಸೀಮೆಎಣ್ಣೆ ಸ್ಟೌ, ಗ್ಯಾಸು ಎಲ್ಲವನ್ನೂ ನನ್ನ ವಯಸ್ಸಿನವರು ಊದಿ, ಒರೆಸಿ, ಹಚ್ಚಿ ನೋಡಿದ್ದೇವೆ. ಆದರೆ ‘ನಿಮ್ಮ ಮನೆಯಲ್ಲಿ ಎಷ್ಟು ಒಲೆ?’ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದು ಕೇಳಬಹುದು, ಅದಕ್ಕೆ ನಾವು ಕೊಡುವ ಉತ್ತರದ ಮೇಲೆ ಒಬ್ಬ ಹೆಂಗಸಿನ ಎದೆಯ ಆಪರೇಷನ್ನು ನಿಂತಿರಬಹುದು ಎನ್ನುವುದು ಮಾತ್ರ 2019ರ ತನಕ ನನಗೆ ಗೊತ್ತಿರಲಿಲ್ಲ.

ನಮ್ಮದು ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಹೇಳುವವಳು. ನನ್ನ ತಂಗಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಮೂವತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಳು, ಮಕ್ಕಳಿಲ್ಲ. ‘ನಾಲ್ಕು ದಿನ ಇದ್ದು ಹೋಗ್ತೀನಿ ಅಕ್ಕ’ ಎಂದು ಬಂದವಳು ಉಳಿದೇ ಹೋದಳು. ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬೀದಿಯವರ ರವಿಕೆ, ಫಾಲು, ಪೀಕೋ ಮಾಡಿಕೊಡುತ್ತಾಳೆ. ಆಗ ತಿಂಗಳಿಗೆ ಮೂರು ಸಾವಿರ, ಹಬ್ಬದ ತಿಂಗಳಾದರೆ ಐದು. ಅದರಲ್ಲೂ ತಿಂಗಳ ಕೊನೆಗೆ ‘ಹಾಲಿಗೆ ಇಟ್ಕೋ’ ಎಂದು ಐನೂರು ರೂಪಾಯಿ ನನ್ನ ಅಡುಗೆಮನೆಯ ಡಬ್ಬಿಯ ಕೆಳಗೆ ಇಡುವ ಸ್ವಾಭಿಮಾನ ಅವಳದು. ನಾನು ತೆಗೆದುಕೊಳ್ಳದಿದ್ದರೆ ಅಂದು ಅವಳು ಕಾಫಿ ಕುಡಿಯುವುದಿಲ್ಲ.

ಆ ವರ್ಷ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಾತ್ರಿ ಎರಡು ದಿಂಬು ಬೇಕಾಯಿತು. ಪರೀಕ್ಷೆ ಮಾಡಿಸಿದಾಗ ಹೃದಯದ ಒಂದು ಕವಾಟ ಕೆಟ್ಟಿದೆ ಎಂದರು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲುಗಳು ಊದಿ ಜ್ವರ ಬರುತ್ತದಲ್ಲ, ಆ ಕಾಯಿಲೆ ಮೈಯಿಂದ ಇಳಿದು ಹೋದರೂ ಎದೆಯಲ್ಲಿ ಗುರುತು ಬಿಟ್ಟುಹೋಗುತ್ತದೆಯಂತೆ. ಅವಳಿಗೆ ಹತ್ತು ವರ್ಷವಿದ್ದಾಗ ಮೊಣಕಾಲು ಊದಿ ಒಂದು ತಿಂಗಳು ಶಾಲೆ ತಪ್ಪಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದ್ದರು. ಊತ ಇಳಿಯಿತು, ಎಲ್ಲರೂ ಮರೆತೆವು. ಈಗ ಕವಾಟವನ್ನೇ ಬದಲಾಯಿಸಬೇಕು, ಮೂರು ಲಕ್ಷದ ಹತ್ತಿರ ಆಗುತ್ತದೆ ಎಂದು ಆಸ್ಪತ್ರೆಯವರು ಚೀಟಿ ಬರೆದುಕೊಟ್ಟರು.

ನಮ್ಮ ರಾಜ್ಯದಲ್ಲಿ 2018ರ ಮಾರ್ಚಿಯಲ್ಲಿ ‘ಆರೋಗ್ಯ ಕರ್ನಾಟಕ’ ಎಂಬ ಯೋಜನೆ ಶುರುವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಅದು ಸೇರಿಕೊಂಡಿತು. ಬಿಪಿಎಲ್ ಕಾರ್ಡಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟದಂತೆ. ಬಿಪಿಎಲ್ ಆಗಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1,20,000 ರೂಪಾಯಿ ಮೀರಬಾರದು, ಮನೆಯಲ್ಲಿ ಸರ್ಕಾರಿ ನೌಕರರು ಇರಬಾರದು, ಆದಾಯ ತೆರಿಗೆ ಕಟ್ಟುವವರು ಇರಬಾರದು. ಹೀಗೆ ಇನ್ನೂ ಕೆಲವು ‘ಬಾರದು’ಗಳಿವೆ.

ನನ್ನ ತಂಗಿಯ ಆದಾಯ ವರ್ಷಕ್ಕೆ ನಲವತ್ತೈದು ಸಾವಿರ. ಆದರೆ ಅವಳ ಹೆಸರು ಇದ್ದದ್ದು ನಮ್ಮ ಎಪಿಎಲ್ ಕಾರ್ಡಿನಲ್ಲಿ. ನನ್ನ ಸಂಬಳವೇ ಅವಳ ಬಡತನಕ್ಕೆ ಅಡ್ಡ ಬಂದಿತು.

ಹಾಗಾದರೆ ನನ್ನ ಸರ್ಕಾರಿ ನೌಕರಿಯ ಆರೋಗ್ಯ ಸೌಲಭ್ಯದಲ್ಲಿ ಅವಳನ್ನು ಸೇರಿಸೋಣವೆಂದು ಕಚೇರಿಯಲ್ಲಿ ವಿಚಾರಿಸಿದೆ. ಗಂಡ, ಮಕ್ಕಳು, ಅವಲಂಬಿತ ತಂದೆತಾಯಿ ಅಲ್ಲಿ ಕುಟುಂಬ; ತಂಗಿ ಕುಟುಂಬವಲ್ಲ. ಗುಮಾಸ್ತರು ಪಾಪ, ಮೆತ್ತಗೆ ‘ಸಿಸ್ಟರ್ ಬರಲ್ಲ ಮೇಡಂ’ ಎಂದರು. ಒಂದು ಕಡತದಲ್ಲಿ ಅವಳು ನನ್ನ ಕುಟುಂಬ, ಆದ್ದರಿಂದ ಅವಳಿಗೆ ಕೊಡುವಂತಿಲ್ಲ. ಇನ್ನೊಂದು ಕಡತದಲ್ಲಿ ಅವಳು ನನ್ನ ಕುಟುಂಬವೇ ಅಲ್ಲ, ಆದ್ದರಿಂದ ಅಲ್ಲೂ ಕೊಡುವಂತಿಲ್ಲ. ಎರಡೂ ಕಡತಗಳ ಮೇಲೆ ಒಂದೇ ಸರ್ಕಾರದ ಮುದ್ರೆ. ಬಸ್ ಸ್ಟ್ಯಾಂಡಿನವರೆಗೂ ಇದನ್ನೇ ಯೋಚಿಸುತ್ತಾ ಬಂದೆ. ಅಳು ಬರಲಿಲ್ಲ, ನಗು ಬಂತು.

ದಾರಿ ತೋರಿಸುವವರಿಗೆ ನಮ್ಮ ಊರಿನಲ್ಲಿ ಕೊರತೆಯಿಲ್ಲ. ‘ಅವಳ ಹೆಸರು ನಿಮ್ಮ ಕಾರ್ಡಿನಿಂದ ತೆಗೆಸಿ. ನಾಡಕಚೇರಿಯಲ್ಲಿ ಅವಳದೇ ಆದಾಯ ಪ್ರಮಾಣ ಪತ್ರ ಮಾಡಿಸಿ. ಹಿಂದಿನ ಕೋಣೆಗೆ ಬೇರೆ ಬಾಗಿಲು ಹೇಗೂ ಇದೆ. ಅಲ್ಲಿ ಒಂದು ಒಲೆ ಇಟ್ಟುಬಿಡಿ. ನೋಡೋಕೆ ಬಂದವರು ಕೇಳೋದು ಒಂದೇ, ಅಡುಗೆ ಬೇರೆನಾ ಅಂತ.’ ನಮ್ಮ ಯಜಮಾನರೂ ‘ಇದರಲ್ಲಿ ಸುಳ್ಳೇನಿದೆ? ಅವಳ ದುಡಿಮೆ ಅಷ್ಟೇ ತಾನೆ? ಎಲ್ಲರೂ ಮಾಡೋದೇ’ ಎಂದರು. ನನ್ನ ತಾಯಿ ಮಾತ್ರ ‘ಒಲೆ ಬೇರೆ ಮಾಡೋದು ಅಂದ್ರೆ ಮನೆ ಒಡೆದ ಹಾಗೆ ಕಣಮ್ಮಾ’ ಎಂದು ಸುಮ್ಮನಾದರು. ಅವರ ಕಾಲದಲ್ಲಿ ಹಳ್ಳಿಯಲ್ಲಿ ‘ಅಣ್ಣತಮ್ಮಂದಿರು ಒಲೆ ಬೇರೆ ಮಾಡ್ಕೊಂಡ್ರಂತೆ’ ಎಂದರೆ ಅದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ.

ಆದರೂ ಮಾಡಿದೆವು. ಒಂದೇ ಬರ್ನರಿನ ಪುಟ್ಟ ಗ್ಯಾಸ್ ಒಲೆ, ಎರಡು ಪಾತ್ರೆ, ಒಂದು ಚಿಕ್ಕ ಕುಕ್ಕರು ಹಿಂದಿನ ಕೋಣೆಗೆ ಹೋದವು. ಬರೀ ತೋರಿಕೆಗೆ ಇಟ್ಟರೆ ಸುಳ್ಳಾಗುತ್ತದೆ, ನಿಜವಾಗಿಯೂ ಬೇರೆ ಅಡುಗೆ ಮಾಡಿಬಿಟ್ಟರೆ ಸುಳ್ಳಾಗುವುದಿಲ್ಲ ಎಂಬ ವಾದವನ್ನು ಹೂಡಿದವಳು ನಾನೇ. ಮೂರು ವಾರ ಹಾಗೆ ನಡೆಯಿತು. ಅವಳು ಅಲ್ಲಿ ಒಂದು ಪಾವು ಅಕ್ಕಿ ಇಡುವಳು, ನಾನು ಇಲ್ಲಿ ಇಡುವೆನು. ನಾನು ಬಸ್ಸಾರು ಮಾಡಿದ ದಿನ ಒಗ್ಗರಣೆಯ ವಾಸನೆ ಹಿಂದಿನ ಕೋಣೆಗೆ ಹೋಗುತ್ತಿತ್ತು. ಕೊಡಲೋ ಬೇಡವೋ? ಕೊಟ್ಟರೆ ಒಂದೇ ಒಲೆಯಾದಂತೆ. ಕೊಡದಿದ್ದರೆ ಊಟ ಗಂಟಲಲ್ಲಿ ಇಳಿಯದು. ಕೊನೆಗೆ ಅಮ್ಮ ಯಾರನ್ನೂ ಕೇಳದೆ ಒಂದು ಬಟ್ಟಲು ಸಾರು ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಎದೆಯ ಕಾಯಿಲೆಯವಳು ಒಬ್ಬಳೇ ಕುಳಿತು ಉಣ್ಣುತ್ತಿದ್ದಳು, ಸರ್ಕಾರದ ಕಣ್ಣಿಗೆ ಒಬ್ಬಂಟಿಯಾಗಿ ಕಾಣಲೆಂದು.

ಈ ಮಧ್ಯೆ ನನ್ನ ಮನಸ್ಸು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿತ್ತು. ಶಾಲೆಯಲ್ಲಿ ಪ್ರತಿವರ್ಷ ವಿದ್ಯಾರ್ಥಿವೇತನದ ಅರ್ಜಿಗಳು ನನ್ನ ಕೈಮೇಲೆ ಹೋಗುತ್ತವೆ. ಆದಾಯ ಪ್ರಮಾಣ ಪತ್ರ ನೋಡಿದರೆ ವರ್ಷಕ್ಕೆ 11,000, 12,000 ಎಂದಿರುತ್ತದೆ. ದಿನಕ್ಕೆ ಮೂವತ್ತು ರೂಪಾಯಿ! ಆ ದುಡ್ಡಿನಲ್ಲಿ ಒಂದು ಸಂಸಾರ ಒಂದು ಹೊತ್ತಿನ ತರಕಾರಿ ತರಲಾರದು. ‘ಅಪ್ಪ ಟ್ರಾಕ್ಟರು ಇಟ್ಟಿದ್ದಾರೆ, ಆದಾಯ ಹನ್ನೊಂದು ಸಾವಿರಾನಾ?’ ಎಂದು ತರಗತಿಯ ಎದುರಿಗೇ ಒಬ್ಬ ಹುಡುಗನನ್ನು ಕೇಳಿದ್ದುಂಟು. ಮಕ್ಕಳೆಲ್ಲ ನಕ್ಕರು. ಆ ಹುಡುಗ ತಲೆ ತಗ್ಗಿಸಿದ. ಆ ಪತ್ರದಲ್ಲಿ ಬರೆದದ್ದು ಅವನಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವಾಕೆಯ ಲೆಕ್ಕವನ್ನೂ ಒಂದು ಸಂಜೆ ಹಾಕಿ ನೋಡಿದೆ. ನಾನು ಲೆಕ್ಕದ ಮೇಡಂ ಅಲ್ಲ, ಆದರೂ ಇಷ್ಟು ಬರುತ್ತದೆ. ಗಂಡ ತೆಂಗಿನಕಾಯಿ ಸುಲಿಯುವ ಕೂಲಿ. ಆಗ ದಿನಕ್ಕೆ 350 ರೂಪಾಯಿ, ವರ್ಷಕ್ಕೆ 300 ದಿನ ಕೆಲಸ ಸಿಕ್ಕಿತೆಂದರೆ 1,05,000. ಈಕೆಗೆ ಮೂರು ಮನೆಗಳಿಂದ ತಿಂಗಳಿಗೆ 3,000, ಎಂದರೆ ವರ್ಷಕ್ಕೆ 36,000. ಎರಡೂ ಸೇರಿ 1,41,000. ನಿಜವನ್ನೇ ಬರೆದರೆ ಅವರು ಬಡವರಲ್ಲ! ಮಳೆ ಬಂದರೆ ಹಂಚಿನ ಕೆಳಗೆ ಪಾತ್ರೆ ಇಡುವ ಮನೆ ಅವರದು. ಅವರು ಬಿಪಿಎಲ್‌ನಲ್ಲಿ ಉಳಿಯಬೇಕಾದರೆ ಆಕೆ ಪಾತ್ರೆ ತಿಕ್ಕುವುದನ್ನು ಬಿಡಬೇಕು, ಇಲ್ಲವೇ ತಿಕ್ಕಿಯೂ ತಿಕ್ಕಿಲ್ಲವೆನ್ನಬೇಕು. ಹೆಂಗಸಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾವು ಕೊರಗುತ್ತೇವೆ. ಇಲ್ಲಿ ನೋಡಿದರೆ ಲೆಕ್ಕಕ್ಕೆ ಹಿಡಿದ ಕಡೆಯೇ ಅವಳ ಮನೆಗೆ ನಷ್ಟ.

ಹಾಗಾದರೆ ಸುಳ್ಳು ಹೇಳುವುದು ಸರಿಯೆ? ಇಷ್ಟು ಸುಲಭವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಈ ಹಣ ಆಕಾಶದಿಂದ ಇಳಿಯುವುದಿಲ್ಲ. ಅದೂ ಒಂದು ಮಡಕೆಯೇ. ಕಾರು ಇಟ್ಟುಕೊಂಡವನು, ಎರಡು ಅಂತಸ್ತು ಕಟ್ಟಿಸಿದವನು ಹನ್ನೊಂದು ಸಾವಿರವೆಂದು ಬರೆಸಿ ಆ ಮಡಕೆಗೆ ಕೈ ಹಾಕಿದರೆ ತಳದಲ್ಲಿ ಕುಳಿತವರ ಪಾಲು ಕಡಿಮೆಯಾಗುತ್ತದೆ. ತನ್ನ ಪಾಲಿಗಿಂತ ಹೆಚ್ಚು ಬಾಚಲು ಹೇಳುವ ಸುಳ್ಳು ಒಂದು, ಬಾಗಿಲೊಳಗೆ ಬಿಟ್ಟುಕೊಂಡರೆ ಸಾಕೆಂದು ಹೇಳುವ ಸುಳ್ಳು ಇನ್ನೊಂದು. ಎರಡೂ ಒಂದೇ ತೂಕದ್ದಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಷ್ಟದಲ್ಲಿರುವವಳ ಸುಳ್ಳಿನ ನೆರಳಿನಲ್ಲಿ ಉಳ್ಳವನ ಸುಳ್ಳು ಹಾಯಾಗಿ ಕುಳಿತಿರುತ್ತದೆ. ನಾನು ಯಾವ ಸಾಲಿನಲ್ಲಿ ನಿಂತಿದ್ದೆ? ಸಂಬಳ ಬರುವವಳು, ಸ್ವಂತ ಮನೆಯಿರುವವಳು, ತಂಗಿಯ ಬಡತನದ ಹಿಂದೆ ನಿಂತು ನನ್ನ ಮೂರು ಲಕ್ಷ ಉಳಿಸಿಕೊಳ್ಳಲು ಹೊರಟಿದ್ದೇನೆಯೆ? ಅಥವಾ ನನ್ನ ಸಂಬಳಕ್ಕೂ ಅವಳಿಗೂ ಸಂಬಂಧವಿಲ್ಲದಿರುವಾಗ ಅವಳಿಗೆ ನ್ಯಾಯವಾಗಿ ಬರಬೇಕಾದದ್ದನ್ನು ಕೇಳುತ್ತಿದ್ದೇನೆಯೆ? ಹಗಲು ಒಂದು ಸರಿ ಎನಿಸುತ್ತಿತ್ತು, ರಾತ್ರಿ ಇನ್ನೊಂದು.

ಆಗ ನೆನಪಾದದ್ದು ಎಷ್ಟೋ ವರ್ಷದ ಹಿಂದೆ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ. ಗೋವಿನ ಹಾಡಿನ ಕಥೆ ಹೇಳುತ್ತಿದ್ದೆ. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಹಿಂತಿರುಗಿತು ಎಂದು ನಾನು ಉತ್ಸಾಹದಿಂದ ಹೇಳುತ್ತಿರುವಾಗ ಆ ಹುಡುಗಿ ಎದ್ದು ನಿಂತು, ‘ಮೇಡಂ, ಹಸು ಸತ್ಯ ಉಳಿಸ್ಕೊಳ್ತು ಸರಿ. ಕರು ಏನು ತಪ್ಪು ಮಾಡಿತ್ತು?’ ಎಂದಳು. ‘ಕಥೆ ಪೂರ್ತಿ ಕೇಳು, ಕೊನೆಗೆ ಎಲ್ಲಾ ಒಳ್ಳೇದಾಗುತ್ತೆ’ ಎಂದು ಕೂರಿಸಿದ್ದೆ. ಕೊನೆಗೆ ಒಳ್ಳೆಯದಾಗುತ್ತದೆ, ನಿಜ. ಆದರೆ ಹುಲಿಗೆ ಮನಸ್ಸು ಕರಗದಿದ್ದರೆ? ಹರಿಶ್ಚಂದ್ರನ ಕಥೆಯಲ್ಲಿಯೂ ಅಷ್ಟೇ. ಸತ್ಯ ಅವನದು. ಮಾರಾಟವಾದವರು ಹೆಂಡತಿ, ಮಗ. ಚಂದ್ರಮತಿಯನ್ನು ಒಂದು ಮಾತು ಕೇಳಿ ಸತ್ಯ ಹಿಡಿದಿದ್ದನೆ? ನಾನು ‘ಸುಳ್ಳು ಹೇಳಲಾರೆ’ ಎಂದು ಎದೆಯುಬ್ಬಿಸಿ ನಿಂತರೆ ನಿಲ್ಲಬಹುದು. ನಿಂತುಹೋಗುವ ಎದೆ ನನ್ನದಲ್ಲ, ತಂಗಿಯದು. ಬೇರೆಯವರ ಜೀವದ ಖರ್ಚಿನಲ್ಲಿ ನಾನು ಸತ್ಯವಂತೆ ಎನಿಸಿಕೊಂಡರೆ ಆ ಸತ್ಯಕ್ಕೆ ಬೆಲೆಯೇನು?

ಮೂರನೆಯ ವಾರದ ಕೊನೆಗೆ ವಿಚಾರಣೆಗೆ ಬಂದದ್ದು ಒಬ್ಬ ಹುಡುಗ. ಗೇಟು ತೆರೆದು ‘ನಮಸ್ಕಾರ ಮೇಡಂ’ ಎಂದಾಗ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ! ಹತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಕುರ್ಚಿ ಕೊಟ್ಟರೂ ಅಂಚಿನಲ್ಲಿ ಕುಳಿತ. ಕಾಗದ ತೊಡೆಯ ಮೇಲಿಟ್ಟುಕೊಂಡು, ‘ಬೇಜಾರು ಮಾಡ್ಕೋಬೇಡಿ ಮೇಡಂ, ಕೇಳ್ಬೇಕು ಅಷ್ಟೆ. ಅವರ ಅಡುಗೆ ಬೇರೆನಾ? ಮನೇಲಿ ಎಷ್ಟು ಒಲೆ? ನೀವು ಏನ್ ಹೇಳ್ತೀರೋ ಅದನ್ನೇ ಬರ್ಕೋತೀನಿ’ ಎಂದ.

ಒಳಗೆ ಹೋಗಿ ನೋಡುತ್ತೇನೆ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಲೆ ಅಲ್ಲೇ ಇತ್ತು, ಅದೇ ಉತ್ತರ ಹೇಳುತ್ತಿತ್ತು. ಆದರೆ ಆತ ನೋಡಲಿಲ್ಲ. ನನ್ನ ಮಾತನ್ನೇ ನಂಬಿದ. ಅವನಿಗೆ ಗೋವಿನ ಹಾಡು ಹೇಳಿಕೊಟ್ಟವಳು ನಾನೇ ತಾನೆ! ನನ್ನ ನಾಲಿಗೆ ಏಳಲಿಲ್ಲ. ‘ಹೌದಪ್ಪ, ಬೇರೆ’ ಎನ್ನುವುದಕ್ಕೆ ಬಾಯಿ ತೆರೆದಿದ್ದೆ ಎಂದು ಈಗಲೂ ನನಗೆ ಅನ್ನಿಸುತ್ತದೆ. ಅಷ್ಟರಲ್ಲಿ ತಂಗಿ ನನ್ನ ಅಡುಗೆಮನೆಯಿಂದ ಕಾಫಿ ತಟ್ಟೆ ಹಿಡಿದು ಬಂದಳು. ಲೋಟವನ್ನು ಅವನ ಕೈಗೆ ಕೊಟ್ಟು, ಗೋಡೆ ಹಿಡಿದು ಉಸಿರು ತೆಗೆದುಕೊಂಡು ಹೇಳಿದಳು: ‘ಒಲೆ ಎರಡಿದೆ ಕಣಪ್ಪ. ಇನ್ನೊಂದನ್ನ ಇಟ್ಟಿದ್ದು ಈ ಕಾರ್ಡಿಗೋಸ್ಕರ. ನಾನು ಆರು ವರ್ಷದಿಂದ ಉಂಡಿರೋದು ಅಕ್ಕನ ಮನೇಲೇ. ಬೇರೆ ಅಂತ ಬರೀಬೇಡ.’

ಹುಡುಗ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ, ಅಂದು ತರಗತಿಯಲ್ಲಿ ತಲೆ ತಗ್ಗಿಸಿದ ಆ ಹುಡುಗನ ಹಾಗೆ.

ಅವನು ಹೋದ ಮೇಲೆ ಅವಳನ್ನು ರೇಗಿದೆ. ‘ನಿನ್ನ ಜೀವದ ಪ್ರಶ್ನೆ, ಅದರಲ್ಲಿ ಹಟ ಮಾಡ್ತೀಯಲ್ಲ!’ ಅವಳು ನಿಧಾನವಾಗಿ, ‘ಅಕ್ಕ, ನಂಗೆ ಯಾರೂ ಇಲ್ಲ ಅಂತ ಬರೆಸ್ಕೊಂಡು ಆಪರೇಷನ್ನಿಗೆ ಹೋಗಕ್ಕೆ ಮನಸ್ಸು ಬರಲಿಲ್ಲ’ ಎಂದಳು. ನಾನು ಇಷ್ಟು ದಿನ ಇದನ್ನು ಸತ್ಯ–ಸುಳ್ಳಿನ ಪ್ರಶ್ನೆ, ನ್ಯಾಯ–ಅನ್ಯಾಯದ ಪ್ರಶ್ನೆ ಎಂದು ತಲೆ ಕೆಡಿಸಿಕೊಂಡಿದ್ದೆ. ಅವಳಿಗೆ ಅದು ತಾನು ಯಾರವಳು ಎನ್ನುವ ಪ್ರಶ್ನೆಯಾಗಿತ್ತು. ಅವಳನ್ನು ಒಂದು ಮಾತು ಕೇಳದೆಯೇ ಒಲೆ ತಂದಿಟ್ಟವಳು ನಾನು. ಚಂದ್ರಮತಿಯನ್ನು ಕೇಳಲಿಲ್ಲವೆಂದು ಹರಿಶ್ಚಂದ್ರನನ್ನು ಆಕ್ಷೇಪಿಸುವ ಯೋಗ್ಯತೆ ನನಗೆಲ್ಲಿ?

ಅವಳು ನಿಜ ಹೇಳಿದಳು. ಆ ನಿಜದ ಖರ್ಚು ಅವಳ ಮೇಲೆ ಬೀಳದಂತೆ ನೋಡಿಕೊಳ್ಳುವುದು ಮಾತ್ರ ನನಗೆ ಉಳಿಯಿತು. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತಂದು ಎಪಿಎಲ್‌ನವರಿಗೆ ಸಿಗುವ ಆ ಮೂವತ್ತು ಭಾಗ ಪಡೆದೆವು. ಉಳಿದದ್ದಕ್ಕೆ ನನ್ನ ಜಿಪಿಎಫ್‌ನಿಂದ ಸಾಲ ತೆಗೆದೆ. ಅದೂ ಸಾಲದಾದಾಗ ಅಮ್ಮ ತಮ್ಮ ಎರಡು ಬಳೆ ಬಿಚ್ಚಿಕೊಟ್ಟರು. ಆಪರೇಷನ್ ಆಯಿತು. ರಕ್ತ ತೆಳುವಾಗಿಸುವ ಮಾತ್ರೆ ಬದುಕಿರುವ ತನಕ, ತಪ್ಪದೆ ಆಗಾಗ ರಕ್ತ ಪರೀಕ್ಷೆ. ಅವಳು ಈಗಲೂ ರವಿಕೆ ಹೊಲಿಯುತ್ತಾಳೆ, ಐನೂರು ರೂಪಾಯಿ ಡಬ್ಬಿಯ ಕೆಳಗೆ ಇಡುತ್ತಾಳೆ.

ಇದನ್ನು ಸತ್ಯಕ್ಕೆ ಜಯವಾಯಿತು ಎಂಬ ಕಥೆಯಾಗಿ ದಯವಿಟ್ಟು ಓದಬೇಡಿ. ನನಗೆ ಜಿಪಿಎಫ್ ಇತ್ತು, ಅಮ್ಮನ ಕೈಯಲ್ಲಿ ಬಳೆ ಇತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಸತ್ಯ ಉಳಿಯಿತು. ನಮ್ಮ ಮನೆಗೆಲಸದಾಕೆಯ ಎದೆಯಲ್ಲಿ ಅದೇ ಕವಾಟ ಕೆಟ್ಟು, ಆಕೆ ‘ನಮ್ಮ ಆದಾಯ 1,41,000’ ಎಂದು ನಿಜ ಬರೆಸಿದ್ದರೆ ಸತ್ಯ ಉಳಿಯುತ್ತಿತ್ತು, ಆಕೆ ಉಳಿಯುತ್ತಿರಲಿಲ್ಲ. ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಎಟುಕುವಂತೆ ಸತ್ಯವನ್ನು ಅಟ್ಟದ ಮೇಲಿಟ್ಟು, ಎಟುಕದವರನ್ನು ಸುಳ್ಳುಗಾರರು ಎನ್ನುವುದು ಯಾವ ನೀತಿ?

2003ರಲ್ಲಿ ನಮ್ಮ ರಾಜ್ಯದಲ್ಲೇ ಯಶಸ್ವಿನಿ ಯೋಜನೆ ಶುರುವಾದಾಗ ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದ. ನೀನೆಷ್ಟು ಬಡವ ಎಂದು ಯಾರೂ ಕೇಳುತ್ತಿರಲಿಲ್ಲ. ಸಂಘದಲ್ಲಿ ಇದ್ದೀಯಾ, ಕಟ್ಟಿದ್ದೀಯಾ ಎಂದಷ್ಟೇ ಕೇಳುತ್ತಿದ್ದರು. ಕಟ್ಟಿದವನು ತನ್ನದನ್ನು ತಾನು ಕೇಳುತ್ತಿದ್ದ. 2018ರಲ್ಲಿ ಅದು ನಿಂತು, ಕೆಲವು ವರ್ಷಗಳ ನಂತರ ಮತ್ತೆ ಬಂದಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ವರ್ಷ ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಸೌಲಭ್ಯವನ್ನು ವಿಸ್ತರಿಸಿತು. ವಯಸ್ಸಿಗೆ ಒಲೆಯ ಲೆಕ್ಕ ಬೇಕಿಲ್ಲ ಎನ್ನುವುದಾದರೆ ಕಾಯಿಲೆಗೆ ಏಕೆ ಬೇಕು ಎಂದು ನನ್ನಂಥವಳಿಗೆ ಅನ್ನಿಸುತ್ತದೆ. ಹಣ ಎಲ್ಲಿಂದ ಎನ್ನುವವರ ಮಾತೂ ಸುಳ್ಳಲ್ಲ. ಆದರೆ ಗೆರೆ ಎಳೆಯಲೇಬೇಕಾದರೆ ಎರಡು ಕೈ ದುಡಿದ ಕೂಡಲೇ ಆಚೆಗೆ ತಳ್ಳುವ ಗೆರೆಯಾಗಬಾರದು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ನಡೆದು ಊರೂರಲ್ಲಿ ಹೆಂಗಸರು ಕಾರ್ಡು ಹಿಡಿದು ಓಡಾಡಿದ್ದು ನಿಮಗೂ ನೆನಪಿರಬಹುದು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಹಿಂತಿರುಗಿಸುತ್ತೇವೆ ಎಂದು ಸರ್ಕಾರ ಹೇಳಬೇಕಾಯಿತು. ಆ ಕಾರ್ಡು ಅವರಿಗೆ ಬರೀ ಅಕ್ಕಿಯ ಚೀಲವಲ್ಲ, ಆಸ್ಪತ್ರೆಯ ಬಾಗಿಲು ಕೂಡ.

ನಾನು ಬದಲಾಯಿಸಿಕೊಂಡದ್ದು ಒಂದು ಚಿಕ್ಕ ವಿಷಯ. ಈಗ ವಿದ್ಯಾರ್ಥಿವೇತನದ ಅರ್ಜಿ ಬಂದರೆ ತರಗತಿಯ ಎದುರಿಗೆ ಯಾವ ಮಗುವಿನ ಆದಾಯವನ್ನೂ ಓದುವುದಿಲ್ಲ. ತೀರ ಅನ್ಯಾಯವೆನಿಸಿದರೆ ಅಪ್ಪನನ್ನು ಕರೆಸಿ ಸ್ಟಾಫ್ ರೂಮಿನಲ್ಲಿ ಮಾತಾಡುತ್ತೇನೆ. ಗೋವಿನ ಹಾಡಿನ ಪಾಠ ಬಂದಾಗ ‘ಕರು ಏನು ತಪ್ಪು ಮಾಡಿತ್ತು?’ ಎಂದು ನಾನೇ ಮಕ್ಕಳನ್ನು ಕೇಳುತ್ತೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನೂ ನನಗೆ ಪೂರ್ತಿ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ.

ಆ ಪುಟ್ಟ ಒಲೆ ಅಟ್ಟ ಸೇರಿದೆ. ಹಬ್ಬದ ದಿನ ಹೋಳಿಗೆ ಬೇಯಿಸಲು ದೊಡ್ಡ ಒಲೆಯಲ್ಲಿ ಜಾಗ ಸಾಲದಿದ್ದರೆ ತಂಗಿಯೇ ಇಳಿಸಿಕೊಡುತ್ತಾಳೆ. ‘ನಮ್ಮನೆಯಲ್ಲಿ ಎರಡು ಒಲೆ ಕಣೇ ಅಕ್ಕ’ ಎಂದು ಆಗ ನಗುತ್ತಾಳೆ.